ಅರ್ಥವಿದ್ದ ಹೆಸರು

"ಗುರುಗಳೇ, ಮಗಳು ಹುಟ್ಟಿ ಮೂರು ತಿಂಗಳಾಯಿತು. ಸಂಸ್ಕೃತದಲ್ಲಿ ಒಳ್ಳೆಯ ಅರ್ಥವಿರುವ ಹೆಸರು ಹುಡುಕುತ್ತಲೇ ಇದ್ದೇನೆ. ಯಾವುದಿಡಲಿ?" ಎಂದು ಶಿಷ್ಯ ಕೇಳಿದ. ಅವನ ಕೈಯಲ್ಲಿ ಉದ್ದನೆಯ ಪಟ್ಟಿಯಿತ್ತು.

ಗುರುಗಳು ಆ ಪಟ್ಟಿಯನ್ನು ಮಡಿಸಿ ಪಕ್ಕಕ್ಕಿಟ್ಟು ಹೇಳಿದರು:

ಒಬ್ಬ ಜವಳಿ ವ್ಯಾಪಾರಿಗೆ ಗಂಡುಮಗು ಹುಟ್ಟಿತು. ಪಕ್ಕದ ಅಂಗಡಿಯಲ್ಲಿ ಸಿಗುವ ಸೀರೆಯನ್ನು ತನ್ನ ಅಂಗಡಿಯಲ್ಲಿ ಇಡದವನು ಅವನು. ಊರಿನಲ್ಲಿ ಇನ್ನೊಬ್ಬರಿಗಿರುವ ಹೆಸರನ್ನು ಮಗನಿಗೆ ಇಟ್ಟಾನೆಯೇ? ಪಂಡಿತರನ್ನು ಕಾಡಿ 'ಸ್ಥಿತಪ್ರಜ್ಞ' ಎಂಬ ಹೆಸರು ತಂದ. ಸುಖ ಬರಲಿ, ದುಃಖ ಬರಲಿ, ಅಲುಗಾಡದವನು ಎಂದು ಅರ್ಥ. ಗಿರಾಕಿ ಬಂದರೆ ಮೊದಲು ಹೆಸರಿನ ಅರ್ಥ ಬಿಡಿಸಿ ಹೇಳುತ್ತಿದ್ದ, ಆಮೇಲೆ ಸೀರೆ ಬಿಡಿಸುತ್ತಿದ್ದ.

ತೊಟ್ಟಿಲ ಶಾಸ್ತ್ರದ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ಅವಳು ಮೂರು ಸಲವೂ ತಡವರಿಸಿದಳು. ಅಣ್ಣ ರೇಗಿದ. ಹೆಸರನ್ನು ಯಾರೂ ಮೊಟಕು ಮಾಡಕೂಡದು, ತಪ್ಪು ಹೇಳಕೂಡದು ಎಂದು ಮನೆಯಲ್ಲಿ ಕಟ್ಟಪ್ಪಣೆಯಾಯಿತು. ಬೈಸಿಕೊಳ್ಳುವುದಕ್ಕಿಂತ ಸುಮ್ಮನಿರುವುದು ಲೇಸೆಂದು ಎಲ್ಲರೂ ಆ ಹೆಸರನ್ನೇ ಬಿಟ್ಟರು. ಹೆಂಡತಿ "ಏಯ್, ಬಾ ಇಲ್ಲಿ" ಎನ್ನುತ್ತಿದ್ದಳು. ಅಜ್ಜಿ ಮಾತ್ರ, ಮಗ ಅಂಗಡಿಗೆ ಹೋದಮೇಲೆ, ಮೊಮ್ಮಗನನ್ನು "ಗುಂಡಾ" ಎಂದು ಕರೆಯುತ್ತಿದ್ದಳು.

ಮಗುವಿಗೆ ಎರಡು ವರ್ಷವಾಯಿತು. ಒಂದು ದಿನ ವ್ಯಾಪಾರಿ ಸಂತೆಯಲ್ಲಿ ನಿಂತು ಯಾರಿಗೋ ಹೆಸರಿನ ಅರ್ಥ ವಿವರಿಸುತ್ತಿದ್ದಾಗ ಮಗು ಕೈ ಬಿಡಿಸಿಕೊಂಡು ಹೋಯಿತು. "ಸ್ಥಿತಪ್ರಜ್ಞಾ! ಸ್ಥಿತಪ್ರಜ್ಞಾ!" ಎಂದು ವ್ಯಾಪಾರಿ ಅಳುತ್ತ, ನಡುಗುತ್ತ ಓಡಾಡಿದ. ರುಮಾಲು ಬಿದ್ದದ್ದೂ ತಿಳಿಯಲಿಲ್ಲ.

ಕಡಲೆಕಾಯಿ ಮಾರುವವಳು ಕೇಳಿದಳು: "ಯಾರಿಗೆ ಶಾಪ ಹಾಕ್ತಾ ಇದ್ದೀರಿ ಶೆಟ್ರೇ?"

ಮಗು ಹತ್ತು ಮಾರು ದೂರದಲ್ಲಿ ಗಾಡಿಯ ಕೆಳಗೆ ಕೂತು ಬೆಲ್ಲ ನೆಕ್ಕುತ್ತಿತ್ತು. ಅಪ್ಪನ ಕೂಗು ಕೇಳಿತು. ಯಾರನ್ನೋ ಕರೆಯುತ್ತಿದ್ದಾನೆಂದು ಮತ್ತೆ ಬೆಲ್ಲ ನೆಕ್ಕಿತು. ಅತ್ತ ಗಾಡಿಯವನು ಎತ್ತು ಹೂಡತೊಡಗಿದ.

ಜೊತೆಗೆ ಬಂದಿದ್ದ ಅಜ್ಜಿ ಏದುಸಿರು ಬಿಡುತ್ತ ಬಂದು ಗದರಿದಳು: "ನನಗೆ ದನಿ ಏಳ್ತಾ ಇಲ್ಲ. ಗುಂಡಾ ಅಂತ ಕೂಗೋ, ನಿನ್ನ ಅರ್ಥ ಹಾಳಾಗಲಿ!"

ಗಿರಾಕಿಗಳು ಯಾರಾದರೂ ಇದ್ದಾರೆಯೇ ಎಂದು ವ್ಯಾಪಾರಿ ಒಮ್ಮೆ ಸುತ್ತ ನೋಡಿದ. ಆಮೇಲೆ ಕೂಗಿದ. ಮಗು ಗಾಡಿಯ ಕೆಳಗಿನಿಂದ ಓಡಿ ಬಂತು. ಅದರ ಹಿಂದೆಯೇ ಚಕ್ರ ಉರುಳಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹೊಟ್ಟೆ ತುಂಬ ನಕ್ಕು, ಮತ್ತೆ ತನ್ನ ಪಟ್ಟಿಗೆ ಕೈ ಚಾಚಿದ.

"ಅದಿರಲಿ, ಈ ಮೂರು ತಿಂಗಳು ಮಗಳನ್ನು ಏನೆಂದು ಕರೆದೆಯಪ್ಪ?" ಎಂದರು ಗುರುಗಳು.

ಚಾಚಿದ ಕೈ ಅಲ್ಲೇ ನಿಂತಿತು.