ಮುಷ್ಟಿಯೊಳಗಿನ ಉಸಿರು

ಭಗವಂತ ಕೊಟ್ಟ ಉಸಿರನ್ನು ಹೊತ್ತು ರಕ್ತದಲ್ಲಿ ಓಡುವ ಹಿಮೋಗ್ಲೋಬಿನ್ ಎಂಬ ಪ್ರೋಟೀನಿಗೆ ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ. ತೊಡೆಯ ಸ್ನಾಯುವಿನಲ್ಲಿ ಉಸಿರು ಕೂಡಿಟ್ಟುಕೊಂಡು ಕೂತಿದ್ದ ಮಯೋಗ್ಲೋಬಿನ್ ಎಂಬ ಪ್ರೋಟೀನನ್ನು ಕಂಡರೆ ಅದಕ್ಕೆ ಮೈಯುರಿ.

“ಅಣ್ಣಾ, ನಾನು ಎಲ್ಲರಿಗೂ ಹಂಚುತ್ತೇನೆ. ನೀನು ನನ್ನಿಂದಲೂ ಕಿತ್ತುಕೊಂಡು ಮುಷ್ಟಿ ಬಿಗಿಯುತ್ತೀಯಲ್ಲ, ದೇವರು ಮೆಚ್ಚುತ್ತಾನೆಯೇ?”

“ಕೊಡುವ ಹೊತ್ತು ಬರಲಿ ತಮ್ಮಾ,” ಎಂದಿತು ಮಯೋಗ್ಲೋಬಿನ್.

ಅಂದೇ ಆ ದೇಹದ ಒಡೆಯ ದುಗ್ಗಪ್ಪ ಹೊಳೆಯ ತಳದಲ್ಲಿ ಚಿಪ್ಪು ಹೆಕ್ಕುತ್ತಿದ್ದಾಗ ಅವನ ಕಾಲು ಹಳೆಯ ಬಲೆಗೆ ಸಿಕ್ಕಿತು. ಹಿಮೋಗ್ಲೋಬಿನ್ ತೊಡೆಗೆ ಧಾವಿಸಿತು, ಆದರೆ ಬರಿಗೈಯಲ್ಲಿ. “ಅಣ್ಣಾ, ನನ್ನಲ್ಲಿ ಏನೂ ಉಳಿದಿಲ್ಲ.”

ಮಯೋಗ್ಲೋಬಿನ್ ಮುಷ್ಟಿ ಬಿಚ್ಚಿತು. ಕೂಡಿಟ್ಟ ಉಸಿರೆಲ್ಲ ಸ್ನಾಯುವಿಗಿಳಿಯಿತು. ದುಗ್ಗಪ್ಪ ಕಾಲು ಝಾಡಿಸಿದ, ಬಲೆ ಹರಿಯಿತು.

ಮೇಲೆ ಬಂದವನು “ಸ್ವಾಮೀ” ಎಂದು ಉಸಿರೆಳೆದ. ಆ ಉಸಿರನ್ನು ಹೊತ್ತ ಹಿಮೋಗ್ಲೋಬಿನ್ ನೇರವಾಗಿ ತೊಡೆಗೆ ಓಡಿತು.

“ತಗೋ ಅಣ್ಣಾ, ಬಿಗಿಯಾಗಿ ಹಿಡಿದುಕೋ.”