ಅರುಂಧತಿಯ ಪಕ್ಕದ ಹೊಸ ನಕ್ಷತ್ರ

ಹೊಳೆಯಾಚೆಯ ಬಿಲ್ವಗಟ್ಟದಲ್ಲಿ ಶ್ರೀ ನಿಶ್ಚಿಂತಾನಂದ ಸ್ವಾಮಿಗಳು ತೆಂಗಿನ ಗರಿ ಹೊದಿಸಿದ ಕುಟೀರವೊಂದರಲ್ಲಿ ವಾಸವಾಗಿದ್ದರು. ಪೀಠವಿಲ್ಲ, ಪಲ್ಲಕ್ಕಿಯಿಲ್ಲ. ಮುತ್ತುಗದೆಲೆಯ ರಾಶಿಯ ಹಿಂದೆ ಕುಳಿತು ಸಂತರ್ಪಣೆಗೆ ಎಲೆ ಹಚ್ಚುತ್ತಿರುವವರೇ ಗುರುಗಳೆಂದು ದರ್ಶನಕ್ಕೆ ಬಂದ ಎಷ್ಟೋ ಜನಕ್ಕೆ ತಿಳಿಯುತ್ತಲೇ ಇರಲಿಲ್ಲ.

ಜ್ಯೇಷ್ಠಮಾಸದ ಒಂದು ಸಂಜೆ ತುಂಗಮ್ಮನವರು ಪತಿ ಶಾಮಣ್ಣನವರೊಡನೆ ಅಲ್ಲಿಗೆ ಬಂದರು. ಅವರ ಒಬ್ಬನೇ ಮಗ ಶ್ರೀಕಂಠನ ಮದುವೆ ವೈಶಾಖದಲ್ಲಿ, ಗೋಧೂಳಿ ಲಗ್ನದಲ್ಲಿ ನಡೆದಿತ್ತು. ಸಪ್ತಪದಿ ಮುಗಿದು ಕತ್ತಲಾಗುತ್ತಲೇ ಪುರೋಹಿತರು ವಧೂವರರನ್ನು ಅಂಗಳಕ್ಕೆ ಕರೆದು ಅರುಂಧತೀ ದರ್ಶನ ಮಾಡಿಸಿದರು. ಸಪ್ತರ್ಷಿಗಳಲ್ಲಿ ವಸಿಷ್ಠರಿಗೆ ಅಂಟಿಕೊಂಡಂತಿರುವ ಆ ಪುಟ್ಟ ನಕ್ಷತ್ರವನ್ನು ಕಂಡರೆ ದಾಂಪತ್ಯ ಸ್ಥಿರ ಎಂಬುದು ನಂಬಿಕೆ. ಆದರೆ ಆ ವಾರ ಅಲ್ಲೇ ಹತ್ತಿರದಲ್ಲಿ, ಯಾರೂ ಕಂಡರಿಯದ ನಕ್ಷತ್ರವೊಂದು ಇದ್ದಕ್ಕಿದ್ದಂತೆ ಜಗ್ಗನೆ ಬೆಳಗತೊಡಗಿತ್ತು. ವಯಸ್ಸಾದ ಪುರೋಹಿತರ ಬೆರಳು ಅದರತ್ತಲೇ ಹೋಯಿತು.

"ಕಂಡಿತೇನಮ್ಮಾ?"

"ಕಂಡಿತು, ಎಷ್ಟು ಚೆನ್ನಾಗಿದೆ!" ಎಂದಳು ಸೊಸೆ ಭಾಗೀರಥಿ. ಬೀಗರೆಲ್ಲ ಹಿಗ್ಗಿದರು.

ತಿಂಗಳಾಗುವುದರೊಳಗೆ ಆ ನಕ್ಷತ್ರ ಮಂಕಾಗುತ್ತ ಹೋಗಿ ಮಾಯವಾಯಿತು. ಅದೇ ಹೊತ್ತಿಗೆ ಶ್ರೀಕಂಠನಿಗೆ ಜ್ವರ. ಊರ ಬಾಯಿ ಕೇಳಬೇಕೆ! ಆರಿಹೋಗುವ ಚುಕ್ಕಿಯನ್ನು ನೋಡಿ ಬಂದವಳು ಗಂಡನ ಆಯುಸ್ಸನ್ನೂ ಆರಿಸುತ್ತಾಳೆ ಎಂದುಬಿಟ್ಟರು. ಮಗನ ಜ್ವರ ಬಿಟ್ಟರೂ ತುಂಗಮ್ಮನವರ ಹೆದರಿಕೆ ಬಿಡಲಿಲ್ಲ. ಹೆತ್ತ ಕರುಳು, ಪಾಪ! ಆದರೆ ಮಾಡಿದ್ದು ಮಾತ್ರ ಶುದ್ಧ ಅನ್ಯಾಯ. ಶ್ರೀಕಂಠ ಎಷ್ಟು ಗೋಗರೆದರೂ ಕೇಳದೆ ಸೊಸೆಯನ್ನು ತವರಿಗೆ ಅಟ್ಟಿಬಿಟ್ಟಿದ್ದರು.

"ಸ್ವಾಮೀ, ಹುಡುಗಿ ಕೆಟ್ಟವಳಲ್ಲ. ಆದರೆ ನನಗಿರೋನು ಒಬ್ಬನೇ ಮಗ. ಅವನಿಗೆ ಬೇರೆ ಸಂಬಂಧ ನೋಡೋಕೆ ಅಪ್ಪಣೆ ಕೊಡಿ" ಎಂದು ಕೈಮುಗಿದರು.

ಗುರುಗಳು ಎಲೆಗೆ ಕಡ್ಡಿ ಚುಚ್ಚುತ್ತಲೇ ಕೇಳಿದರು: "ನಿಮ್ಮ ಮದುವೆಯಲ್ಲಿ ನೀವು ಅರುಂಧತಿಯನ್ನು ಕಂಡಿರಾ ತಾಯಿ?"

"ಕಂಡೆ ಸ್ವಾಮಿ" ಎಂದವರು ಅಲ್ಲೇ ತಡವರಿಸಿದರು. ಅವರ ಮುಹೂರ್ತ ನಡುಮಧ್ಯಾಹ್ನ. ರಣಬಿಸಿಲಿನಲ್ಲಿ ಪುರೋಹಿತರು ಚಪ್ಪರದಾಚೆಗೆ ಬೆರಳು ತೋರಿ "ಕಂಡಿತೇ?" ಎಂದಿದ್ದರು. ಕಣ್ಣು ಬಿಡಲಾರದೆಯೇ, ಎಲ್ಲ ಮದುಮಕ್ಕಳಂತೆ, ಅವರೂ "ಕಂಡಿತು" ಎಂದಿದ್ದರು. ಅರುಂಧತಿ ಹೇಗಿದ್ದಾಳೆಂದು ಇಂದಿಗೂ ಅವರಿಗೆ ಗೊತ್ತಿಲ್ಲ. ಗುರುಗಳೆದುರು ಸುಳ್ಳಾಡಲು ನಾಲಗೆ ಏಳಲಿಲ್ಲ.

"ಇಲ್ಲ ಸ್ವಾಮಿ. ಸುಮ್ಮನೆ ಹೂಂ ಅಂದಿದ್ದೆ."

"ನಾನೂ ಅಷ್ಟೇ" ಎಂದರು ಶಾಮಣ್ಣನವರು ಮೆಲ್ಲಗೆ.

ಗುರುಗಳು ನಕ್ಕರು. "ಕಾಣದೆಯೇ ಕಂಡೆವು ಅಂದ ನೀವು ಇಷ್ಟು ವರ್ಷ ಚೆನ್ನಾಗಿ ಬಾಳಿದಿರಿ. ಕಂಡದ್ದನ್ನು ಕಂಡೆ ಅಂದ ಆ ಮಗು ಮಾಡಿದ ತಪ್ಪೇನು ತಾಯಿ?" ಆಗಷ್ಟೇ ಕಪ್ಪಾಗುತ್ತಿದ್ದ ಬಾನಿನತ್ತ ಒಮ್ಮೆ ನೋಡಿದರು. "ಬಂದದ್ದು ಹೋಯಿತು. ಅರುಂಧತಿ ಇದ್ದಲ್ಲೇ ಇದ್ದಾಳೆ. ಸೊಸೆಗೆ ಕಣ್ಣು ಚುರುಕು, ಹುಡುಕಿ ತೋರಿಸ್ತಾಳೆ. ಹೋಗಿ ನೋಡಿ."

ತುಂಗಮ್ಮನವರು ತಲೆಯೆತ್ತಲಿಲ್ಲ. ನಾಚಿಕೆಯಿಂದ ಅವರ ಕಣ್ಣು ತುಂಬಿತ್ತು.

ಮರುದಿನ ಸಂಜೆಗೇ ಅವರು ಬೀಗರ ಮನೆಯ ಅಂಗಳದಲ್ಲಿದ್ದರು. ಇನ್ನೇನು ಕಾದಿದೆಯೋ ಎಂದು ಹೆದರಿ ಹೊಸಿಲಲ್ಲೇ ನಿಂತ ಭಾಗೀರಥಿಯ ಕೈ ಹಿಡಿದು, "ಬಾರೇ, ನನಗೆ ಅರುಂಧತಿ ತೋರಿಸು" ಎಂದರು. ಹುಡುಗಿ ಸಪ್ತರ್ಷಿಗಳ ನಡುವೆ ತಡಕಾಡಿ, ಅತ್ತೆಯ ಬೆರಳನ್ನು ಹಿಡಿದೆತ್ತಿ ತೋರಿಸಿದಳು.

"ಅಲ್ಲಿ, ವಸಿಷ್ಠರ ಪಕ್ಕದಲ್ಲೇ. ಕಂಡಿತೇನತ್ತೆ?"

ತುಂಗಮ್ಮನವರು ಬಹಳ ಹೊತ್ತು ನೋಡಿದರು. ಮಂಜುಗಣ್ಣಿಗೆ ವಸಿಷ್ಠರೇ ನೆಟ್ಟಗೆ ಕಾಣುತ್ತಿರಲಿಲ್ಲ.

"ಇಲ್ಲ ಕಣೇ, ಕಾಣ್ತಿಲ್ಲ" ಎಂದು ಅಳುತ್ತಲೇ ನಕ್ಕರು. "ನೀನು ಕಂಡ್ಯಲ್ಲ, ಸಾಕು. ನಡಿ ಮನೆಗೆ, ಅವನು ಕಾಯ್ತಾ ಕೂತಿದ್ದಾನೆ."

ಗುರುಕೃಪೆಯಿಂದ ಆ ಮನೆ ಒಡೆಯದೆ ಉಳಿಯಿತು. ಮುಂದೆ ಯಾರ ಮದುವೆಗೆ ಹೋದರೂ ತುಂಗಮ್ಮನವರು ಅರುಂಧತೀ ದರ್ಶನದ ಹೊತ್ತಿಗೆ ಮದುಮಗಳ ಬಳಿ ಹೋಗಿ ನಿಲ್ಲುತ್ತಿದ್ದರು. ಅವಳ ಕಿವಿಯಲ್ಲಿ ಹೇಳುತ್ತಿದ್ದುದು ಒಂದೇ ಮಾತು: "ಕಾಣದಿದ್ದರೆ ಕಾಣಲಿಲ್ಲ ಅನ್ನಮ್ಮ. ಏನೂ ಆಗಲ್ಲ."