ಹಗ್ಗ ಮತ್ತು ಸುಣ್ಣದ ಪುಡಿ

ಶಾಲೆಯ ಕ್ರೀಡೋತ್ಸವದ ಬೆಳಿಗ್ಗೆ ಹಗ್ಗಜಗ್ಗಾಟದ ಹಗ್ಗವನ್ನೊಮ್ಮೆ ಜಗ್ಗಿ ನೋಡಿ, ಅದರ ಬೆನ್ನು ತಟ್ಟುವುದು ಆಟದ ಮೇಷ್ಟ್ರು ಜಂಬಣ್ಣನವರ ಅಭ್ಯಾಸ. ಕೊರೊನಾದ ವರ್ಷ ಅವರು ಅದನ್ನು ಮುಟ್ಟಲಿಲ್ಲ. ಒಂದೇ ಹಗ್ಗಕ್ಕೆ ಅಷ್ಟೊಂದು ಕೈ ಬೇಡವೆಂದು, ಸುಣ್ಣದ ಪುಡಿಯಿಂದ ಮಗುವಿಗೊಂದರಂತೆ ದೂರದೂರ ವೃತ್ತ ಬರೆದರು. ಮಕ್ಕಳು ಬಂದ ಮೇಲೆ ಅವರವರ ವೃತ್ತದಲ್ಲೇ ಕುಣಿತ, ಕುಂಟಾಟ ಎಂದು ಗೊತ್ತುಮಾಡಿದ್ದರು.

ಹಗ್ಗಕ್ಕೆ ಹೊಟ್ಟೆ ಉರಿಯಿತು. "ಏನಮ್ಮಾ ಸುಣ್ಣ, ಊದಿದರೆ ಹಾರುವವಳು ನೀನು. ನಿನಗೆ ಇಡೀ ಮೈದಾನವೇ?"

ಡಬ್ಬದ ತಳದಲ್ಲಿ ಉಳಿದಿದ್ದ ಚಿಟಿಕೆ ಸುಣ್ಣ ಹೇಳಿತು: "ನನ್ನನ್ನು ಯಾರೂ ಹಿಡಿಯಬೇಕಿಲ್ಲ, ಹಗ್ಗಣ್ಣ. ಅಷ್ಟಕ್ಕೇ ಕರೆದಿದ್ದಾರೆ. ಮುಂದಿನ ವರ್ಷ ನೀವೇ ಬನ್ನಿ."

"ಅಲ್ಲಿಯವರೆಗೆ ನನ್ನನ್ನು ಯಾರು ನೆನಪಿಡುತ್ತಾರೆ?"

ಮೇಷ್ಟ್ರು ಅತ್ತ ಹೋದದ್ದೇ ತಡ, ಹಗ್ಗ ಮೈದಾನದ ತುಂಬ ಹೊರಳಾಡಿ ಗೆರೆಗಳನ್ನೆಲ್ಲ ಅಳಿಸಿತು.

ಗೇಟು ತೆರೆಯಿತು. ನಿಲ್ಲುವ ಜಾಗ ತಿಳಿಯದೆ ಮಕ್ಕಳು ಒಬ್ಬರ ಮೇಲೊಬ್ಬರು ಮುಗಿಬಿದ್ದರು. ಪ್ರಿನ್ಸಿಪಾಲ್ ಮೇಡಂ ಓಡಿಬಂದು, "ಬೇಡ, ಬೇಡ, ಉತ್ಸವ ಬೇಡ. ಎಲ್ಲರೂ ಮನೆಗೆ ನಡೀರಿ," ಎಂದರು. ಎಷ್ಟೋ ತಿಂಗಳ ಮೇಲೆ ಯೂನಿಫಾರ್ಮ್ ಹಾಕಿದ್ದ ಮಕ್ಕಳು ಗೇಟಿನ ಕಡೆ ತಿರುಗಿದರು. ಹಗ್ಗದತ್ತ ಒಬ್ಬರೂ ನೋಡಲಿಲ್ಲ.

ಹಗ್ಗ ತೆವಳಿಕೊಂಡು ಡಬ್ಬದ ಬಳಿ ಬಂತು. "ಸುಣ್ಣಮ್ಮ, ಅವರು ಗೇಟು ದಾಟುವ ಮೊದಲು ಇನ್ನೊಂದೇ ಸಲ ಬರೆಯಮ್ಮ. ನಾನು ಮೂಲೆಯಲ್ಲೇ ಇರುತ್ತೇನೆ." ಡಬ್ಬದ ತಳದ ಚಿಟಿಕೆ ಸುಣ್ಣ ಒಂದು ವೃತ್ತಕ್ಕೂ ಸಾಲುವಂತಿರಲಿಲ್ಲ.